ಎರಡೂವರೆ ವರ್ಷದ ಮಗುವಿನ ಜೊತೆ ಮೂರು ದಿನ ಕೊಡಗು: ಹೇಗೆ ಹೊಂದಿಸುವುದು?

ಪ್ರಶ್ನೆ: ಶುಕ್ರವಾರ ರಜೆ. ಬೆಂಗಳೂರಿಂದ ಕಾರಲ್ಲಿ ಮಡಿಕೇರಿಗೆ ಹೊರಡುವ ಯೋಚನೆ. ತಿರುವುಗಳಲ್ಲಿ ಮಗು ವಾಂತಿ ಮಾಡುತ್ತೆ. ಎಲ್ಲಿ ಉಳಿದರೆ ಒಳ್ಳೇದು?

ಉತ್ತರ 1: ಕುಶಾಲನಗರದಲ್ಲೇ ಉಳಿಯಿರಿ. ಏರುದಾರಿಯ ತಿರುವುಗಳು ಹೆಚ್ಚಾಗೋದು ಅಲ್ಲಿಂದ ಮುಂದೆ, ಮಡಿಕೇರಿವರೆಗಿನ ಸುಮಾರು 30 ಕಿ.ಮೀ.ನಲ್ಲಿ. ಬೈಲಕುಪ್ಪೆಯ ಚಿನ್ನದ ದೇವಾಲಯ, ಕಾವೇರಿ ನಿಸರ್ಗಧಾಮ, ದುಬಾರೆ ಆನೆ ಶಿಬಿರ ಎಲ್ಲವೂ ಹತ್ತಿರ. ದಿನಕ್ಕೆ ಒಂದೇ ಜಾಗ, ಅದೂ ಬೆಳಿಗ್ಗೆ. ಮಧ್ಯಾಹ್ನದ ನಿದ್ದೆ ತಪ್ಪಿದರೆ ಸಂಜೆಯಿಡೀ ರಂಪ. ಹೊಳೆ ತುಂಬಿದ್ದರೆ ದುಬಾರೆಯಲ್ಲಿ ದೋಣಿ ನಿಲ್ಲಿಸುತ್ತಾರೆ, ಮೊದಲೇ ವಿಚಾರಿಸಿ.

ಉತ್ತರ 2: ಕಾರಲ್ಲಿ ಮಗುವಿಗೆ ಮೊಬೈಲ್ ಕೊಟ್ಟರೆ ವಾಂತಿ ಹೆಚ್ಚಾಗಬಹುದು. ಕಣ್ಣಿಗೆ ಪರದೆ ಅಲುಗಾಡದೆ ಕಾಣುತ್ತೆ, ಒಳಗಿವಿಗೆ ಮಾತ್ರ ಕಾರು ತಿರುಗಿದ್ದು ಗೊತ್ತಾಗುತ್ತೆ. ಹೊರಡುವ ಮುನ್ನ ಹೊಟ್ಟೆ ತುಂಬ ಹಾಲು ಬೇಡ. ಅರ್ಧ ಇಡ್ಲಿ ಸಾಕು. ಎರಡು ಗಂಟೆಗೊಮ್ಮೆ ನಿಲ್ಲಿಸಿ. ವಾಂತಿ ಮಾತ್ರೆ ಡಾಕ್ಟರನ್ನು ಕೇಳದೆ ಕೊಡಲೇಬೇಡಿ. ಎರಡು ಜೊತೆ ಬಟ್ಟೆ, ಟವೆಲ್, ಕವರ್ ಡಿಕ್ಕಿಯಲ್ಲಲ್ಲ, ಕೈಗೆ ಸಿಗುವಲ್ಲಿರಲಿ.

ಉತ್ತರ 3: ಮಗುವಿನ ಸೀಟು ಹಿಂಬದಿಯಲ್ಲೇ ಇರಲಿ, ತೊಡೆ ಮೇಲೆ ಕೂರಿಸಬೇಡಿ. ಬೆಲ್ಟ್ ಕಟ್ಟುವಾಗ ದಪ್ಪ ಸ್ವೆಟರ್ ತೆಗೆಯಿರಿ, ಸ್ವೆಟರ್ ಇದ್ದರೆ ಬೆಲ್ಟ್ ಸಡಿಲ ಉಳಿಯುತ್ತೆ. ಓಆರ್‌ಎಸ್ ದೊಡ್ಡ ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್ ನೀರು. ಕಡಿಮೆ ನೀರಲ್ಲಿ ಕಲಸಿದರೆ ಉಪ್ಪು ಹೆಚ್ಚಾಗಿ ಅಪಾಯ. 24 ಗಂಟೆ ಆದ ಮೇಲೆ ಉಳಿದದ್ದು ಚೆಲ್ಲಿ. ಮಳೆಗಾಲವಾದರೆ ಜಿಗಣೆಗೆ ಉಪ್ಪಿನ ಪೊಟ್ಟಣ ಮರೀಬೇಡಿ. ವಾಪಸ್ ಬರೋದು ಭಾನುವಾರ ಬೆಳಿಗ್ಗೆಯೇ ಆಗಲಿ. ಸಂಜೆ ಬೆಂಗಳೂರು ಹತ್ತಿರ ಬಂದಂತೆ ವಾಹನಗಳ ಸಾಲು ಕರಗೋದೇ ಇಲ್ಲ.