ಚಲಿಸದ ಕೀಲೂ ಕೀಲೇ?

ತಲೆಬುರುಡೆಯಲ್ಲಿಯೂ ಕೀಲುಗಳಿವೆ ಎಂದು ನಮ್ಮ ಗುಂಪಿನ ಡಾಕ್ಟರು ಹೇಳಿದ್ದೇ ತಡ, ವಕೀಲರು ಆಕ್ಷೇಪಣೆ ಎತ್ತಿದರು. ಅಲುಗಾಡುವುದೇ ಕೀಲಿನ ಕೆಲಸವಾಗಿರುವಾಗ, ಅಲುಗಾಡದೆ ಕುಳಿತದ್ದಕ್ಕೂ ಅದೇ ಹೆಸರನ್ನು ಕೊಡುವುದು ಯಾವ ನ್ಯಾಯ ಎಂಬುದು ಅವರ ವಾದ. "ಕೆಲಸ ಮಾಡದೆ ಹುದ್ದೆಯಲ್ಲಿರುವವರ ವಿಷಯ ಇಲ್ಲಿ ಬೇಡ" ಎಂದು, ನಿವೃತ್ತ ಅಧಿಕಾರಿಗಳಾದ ನಮ್ಮ ರಾಯರು ಮುಖ ಗಂಟಿಕ್ಕಿದರು.

"ಎರಡು ಮೂಳೆಗಳು ಎಲ್ಲಿ ಸೇರುತ್ತವೆಯೋ ಅದು ಕೀಲು; ಅದು ಎಷ್ಟು ಚಲಿಸುತ್ತದೆ ಎಂಬುದು ಆಮೇಲಿನ ಮಾತು" ಎಂದರು ಡಾಕ್ಟರು. "ಮೊದಲು ಕೇಳಬೇಕಾದದ್ದು, ಆ ಮೂಳೆಗಳ ನಡುವೆ ಏನಿದೆ ಎಂದು. ನಾರಿನ ಅಂಗಾಂಶವಿದ್ದರೆ ಒಂದು ಬಗೆ, ಮೂಳೆಗಿಂತ ಮೆದುವಾದ ಮೃದ್ವಸ್ಥಿಯಿದ್ದರೆ ಇನ್ನೊಂದು, ದ್ರವವಿರುವ ಎಡೆಯಿದ್ದರೆ ಮೂರನೆಯದಾದ ಸೈನೋವಿಯಲ್ ಕೀಲು. ಬುರುಡೆಯ ಚಪ್ಪಟೆ ಮೂಳೆಗಳನ್ನು ಹೊಲಿದಂತೆ ಹಿಡಿದಿರುವುದು ನಾರು. ಹುಟ್ಟುವಾಗ ಅವುಗಳ ನಡುವೆ ತೆರಪು ಇರುವುದರಿಂದಲೇ ಮಗುವಿನ ತಲೆ ತುಸು ಒತ್ತಿಕೊಂಡು ಹೊರಬರಲು ಸಾಧ್ಯ, ಆಮೇಲೆ ಮಿದುಳು ಬೆಳೆಯಲೂ ಸಾಧ್ಯ. ವಯಸ್ಸಾದಂತೆ ಈ ಹೊಲಿಗೆಗಳಲ್ಲಿ ಹಲವು ಗಟ್ಟಿಯಾಗಿ ಮೂಳೆಯೇ ಆಗಿಬಿಡುತ್ತವೆ."

"ಅಂದರೆ ಅವು ನನಗಿಂತ ಮೊದಲೇ ನಿವೃತ್ತವಾಗಿವೆ" ಎಂದು ರಾಯರು ನಿಟ್ಟುಸಿರಿಟ್ಟರು.

ಹಲ್ಲು ದವಡೆಯ ಗುಳಿಯಲ್ಲಿ ಕುಳಿತಿರುವುದನ್ನೂ ನಾರಿನ ಕೀಲುಗಳ ಪಟ್ಟಿಗೆ ಸೇರಿಸುತ್ತಾರೆ ಎಂದು ಡಾಕ್ಟರು ಹೇಳಬಾರದಿತ್ತು. "ಹಲ್ಲು ಮೂಳೆಯೇ?" ಎಂದು ವಕೀಲರು ಪಾಟೀಸವಾಲಿಗೆ ಎದ್ದರು. ಅಲ್ಲ. "ಹಾಗಾದರೆ ಎರಡು ಮೂಳೆಗಳು ಸೇರುವೆಡೆಯೇ ಕೀಲು ಎಂಬ ನಿಮ್ಮ ಹೇಳಿಕೆ ಏನಾಯಿತು?" ಈ ಕಾರಣಕ್ಕಾಗಿಯೇ ಕೆಲವರು ಅದನ್ನು ನಿಜವಾದ ಕೀಲೆಂದು ಒಪ್ಪುವುದಿಲ್ಲ ಎಂದು ಡಾಕ್ಟರು ತಲೆಬಾಗಿದಾಗ, ವಕೀಲರು ಉಳಿದಿದ್ದ ಹಲ್ಲುಗಳನ್ನೆಲ್ಲ ತೋರಿಸಿ ನಕ್ಕರು.

ಮೃದ್ವಸ್ಥಿಯ ಕೀಲುಗಳ ಮಾತು ಬೇಗ ಮುಗಿಯಿತು. ಬೆನ್ನುಮೂಳೆಯ ಮಣಿಗಳ ನಡುವಿನ ಮೃದ್ವಸ್ಥಿಯ ಬಿಲ್ಲೆಗಳು ಹಗಲೆಲ್ಲ ಭಾರ ಹೊತ್ತು ನೀರು ಕಳೆದುಕೊಳ್ಳುವುದರಿಂದ ಸಂಜೆಯ ಹೊತ್ತಿಗೆ ನಾವೆಲ್ಲ ಬೆಳಗಿಗಿಂತ ತುಸು ಗಿಡ್ಡರಾಗಿರುತ್ತೇವೆ ಎಂದು ಕೇಳಿ, ಎತ್ತರದ ಬಗ್ಗೆ ಮೊದಲೇ ಚಿಂತೆಯಿದ್ದ ಮೇಷ್ಟರು ಇನ್ನು ಮುಂದೆ ಬೆಳಗಿನ ಹೊತ್ತೇ ಭೇಟಿಯಾಗೋಣ ಎಂದು ಸೂಚಿಸಿದರು.

ನಿಜವಾದ ಗದ್ದಲವೆದ್ದದ್ದು ಸೈನೋವಿಯಲ್ ಕೀಲುಗಳ ಮೇಲೆ. ಮೂಳೆಯ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ, ಸುತ್ತಲೂ ಚೀಲದಂಥ ಒಂದು ಕವಚ, ಅದರ ಒಳಪೊರೆ ಒಸರಿಸುವ ಜಿಡ್ಡಾದ ದ್ರವ, ಹೊರಗಿನಿಂದ ಬಿಗಿಹಿಡಿಯುವ ಅಸ್ಥಿರಜ್ಜುಗಳೆಂಬ ನಾರಿನ ಪಟ್ಟಿಗಳು: ಇದು ಅದರ ರಚನೆ. ಆ ಹೊದಿಕೆಗೆ ರಕ್ತನಾಳವೂ ಇಲ್ಲ, ನರವೂ ಇಲ್ಲ. ಆದ್ದರಿಂದ ಅದು ಸವೆಯುವಾಗ ತಾನಾಗಿ ನೋವನ್ನು ಸಾರುವುದಿಲ್ಲ, ಸವೆದ ಮೇಲೆ ಸುಲಭವಾಗಿ ಕೂಡಿಕೊಳ್ಳುವುದೂ ಇಲ್ಲ. ಮೊಣಕೈಯಲ್ಲಿ ಬಿಜಾಗರಿ ಕೀಲು, ಹೆಬ್ಬೆರಳಿನ ಬುಡದಲ್ಲಿ ಕುದುರೆಯ ಜೀನಿನ ಆಕಾರದ ಕೀಲು, ಸೊಂಟದಲ್ಲಿಯೂ ಭುಜದಲ್ಲಿಯೂ ಚೆಂಡು-ಗುಳಿ ಕೀಲು. ಸೊಂಟದ ಗುಳಿ ಆಳವಾಗಿದ್ದು ಚೆಂಡನ್ನು ಭದ್ರವಾಗಿ ಹಿಡಿದರೆ, ಭುಜದ್ದು ತಟ್ಟೆಯಂತೆ ತೆಳುಗುಳಿ. ತೋಳು ಎಲ್ಲ ದಿಕ್ಕಿಗೂ ತಿರುಗುವುದೂ ಅದರಿಂದಲೇ, ಸುಲಭವಾಗಿ ಕೀಲು ತಪ್ಪುವುದೂ ಅದರಿಂದಲೇ.

ಮೇಷ್ಟರು ಮೈಮರೆತು ಬೆರಳುಗಳ ನೆಟಿಕೆ ಮುರಿದರು. ಸಂಧಿವಾತ ಬರುತ್ತದೆ ಎಂದು ರಾಯರು ಗದರಿದಾಗ ಡಾಕ್ಟರು ತಡೆದರು. ಆ ಸದ್ದು ದ್ರವದೊಳಗಿನ ಅನಿಲದ ಗುಳ್ಳೆಗೆ ಸಂಬಂಧಿಸಿದ್ದೇ ಹೊರತು ಮೂಳೆ ಮುರಿಯುವುದಲ್ಲ. ಅಮೆರಿಕದ ಡೊನಾಲ್ಡ್ ಅಂಗರ್ ಎಂಬ ವೈದ್ಯರು 60 ವರ್ಷಕ್ಕೂ ಹೆಚ್ಚು ಕಾಲ ಎಡಗೈಯ ನೆಟಿಕೆಯನ್ನಷ್ಟೇ ಮುರಿದು, ಬಲಗೈಯನ್ನು ಹೋಲಿಕೆಗೆಂದು ಬಿಟ್ಟು, ಎರಡರಲ್ಲಿಯೂ ಸಂಧಿವಾತವಿಲ್ಲವೆಂದು ಸಾರಿ, 2009ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ ಪಡೆದರು.

"ಒಬ್ಬನೇ ಸಾಕ್ಷಿ, ಅವನೇ ಫಿರ್ಯಾದಿ, ಇದು ನಿಲ್ಲುವುದಿಲ್ಲ" ಎಂದರು ವಕೀಲರು. ಅದು ಸರಿಯೇ ಎಂದು ಡಾಕ್ಟರೂ ಒಪ್ಪಿದರು.

ಗೆಲುವಿನ ರುಚಿ ಹತ್ತಿದ್ದ ವಕೀಲರು ಸೈನೋವಿಯಲ್ ಕೀಲುಗಳೆಲ್ಲ ಸರಾಗವಾಗಿ ಚಲಿಸುತ್ತವೆಯೇ ಎಂದು ಕೇಳಿದರು. ಇಲ್ಲ, ಬೆನ್ನಿನ ಬುಡದ ತ್ರಿಕಾಸ್ಥಿಯು ಸೊಂಟದ ಮೂಳೆಯನ್ನು ಸೇರುವ ಕೀಲಿನಲ್ಲಿ ಸೈನೋವಿಯಲ್ ಎಡೆಯಿದ್ದರೂ, ಉಬ್ಬುತಗ್ಗಿನ ಮೈಗಳೂ ಬಲವಾದ ಅಸ್ಥಿರಜ್ಜುಗಳೂ ಅದನ್ನು ಅಲುಗಲು ಬಿಡುವುದೇ ಕಡಿಮೆ. ಅಚಲ, ಅಲ್ಪಚಲ, ಚಲ ಎಂಬ ವಿಂಗಡಣೆಯನ್ನು ನಾರು, ಮೃದ್ವಸ್ಥಿ, ಸೈನೋವಿಯಲ್ ಎಂಬುದರ ಎದುರು ಸಾಲಾಗಿ ಬರೆದು ಎರಡೂ ಒಂದೇ ಎಂದು ಬಾಯಿಪಾಠ ಮಾಡಿಸುವುದು, ನನ್ನ ಮಟ್ಟಿಗೆ, ಪರೀಕ್ಷೆಗೆ ಅನುಕೂಲ, ದೇಹಕ್ಕೆ ಅನ್ಯಾಯ. ಮೇಷ್ಟರು ಈ ಮಾತಿಗೆ ಕೆಮ್ಮಿದರು.

ಬೇರೆ ಯಾವ ಮೂಳೆಯೊಡನೆಯೂ ಕೀಲು ಕೂಡದ ಮೂಳೆ ಇದೆಯೇ ಎಂಬುದು ವಕೀಲರ ಕೊನೆಯ ಪ್ರಶ್ನೆಯಾಗಿತ್ತು. ಕೊರಳಿನಲ್ಲಿರುವ ಹಯಾಯ್ಡ್ ಮೂಳೆ ಸ್ನಾಯು ಮತ್ತು ಅಸ್ಥಿರಜ್ಜುಗಳಿಂದಷ್ಟೇ ತೂಗಿಕೊಂಡಿದ್ದು, ನಾಲಿಗೆಗೆ ಆಧಾರವಾಗಿರುತ್ತದೆ ಎಂದರು ಡಾಕ್ಟರು.

"ಈಗ ತಿಳಿಯಿತು" ಎಂದರು ರಾಯರು. "ನಮ್ಮ ವಕೀಲರ ಮಾತಿಗೂ ವಿಷಯಕ್ಕೂ ಯಾವ ಕೀಲೂ ಇಲ್ಲದಿರುವುದು ಏಕೆಂದು."