ಕಂಠೀರವದ ಆ ಫ್ರೀ ಕಿಕ್: ಗೋಲನ್ನೇ ನೋಡದವನು ಸಂಭ್ರಮಿಸುವುದು ಹೇಗೆ?

ಪ್ರಶ್ನೆ: ಪೂರ್ವ ಗ್ಯಾಲರಿಯವನು

ಎಲ್ಲರಿಗೂ ನಮಸ್ಕಾರ. ಹಳೆಯ ವಿಷಯವೊಂದನ್ನು ಮತ್ತೆ ಕೆದಕುತ್ತಿದ್ದೇನೆ, ಬೇಸರಿಸಬೇಡಿ. 2023ರ ಮಾರ್ಚ್ 3ರ ಶುಕ್ರವಾರ ರಾತ್ರಿ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ತಂಡಗಳ ನಡುವೆ ನಡೆದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) ನಾಕೌಟ್ ಪಂದ್ಯಕ್ಕೆ ನಾನು ಹನ್ನೊಂದು ವರ್ಷದ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳಿಗೆ ಅದು ಮೊದಲ ಪಂದ್ಯ. ನನಗೆ ಎಷ್ಟನೆಯದೋ ಲೆಕ್ಕವಿಲ್ಲ.

ಆಟ ನೋಡುವಾಗ ನಾನು ಒಳ್ಳೆಯ ಮನುಷ್ಯನಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮವನು ಬಿದ್ದರೆ ಫೌಲ್, ಎದುರಾಳಿ ಬಿದ್ದರೆ ನಾಟಕ ಎನ್ನುವುದು ನನ್ನ ಗ್ಯಾಲರಿಯ ನ್ಯಾಯ. ಆ ರಾತ್ರಿಯೂ ಅದೇ ನಡೆಯುತ್ತಿತ್ತು. 90 ನಿಮಿಷ ಮುಗಿದರೂ ಗೋಲಿರಲಿಲ್ಲ, ಗಂಟಲು ಕಟ್ಟಿತ್ತು, ಮಗಳು ನನ್ನ ಬೈಗುಳಗಳಲ್ಲಿ ಎರಡನ್ನು ಆಗಲೇ ಕಲಿತಿದ್ದಳು. ಹೆಚ್ಚುವರಿ ಸಮಯದ ಆರಂಭದಲ್ಲಿ ಪೆನಾಲ್ಟಿ ಪ್ರದೇಶದ ಅಂಚಿನ ಹೊರಗೆ ನಮಗೆ ಫ್ರೀ ಕಿಕ್ ಸಿಕ್ಕಿತು.

ಇಂಥ ಫ್ರೀ ಕಿಕ್ ಎಂದರೆ ಒಂದು ನಿಮಿಷದ ಬಿಡುವು ಎಂದೇ ವರ್ಷಗಳಿಂದ ನನ್ನ ದೇಹಕ್ಕೆ ಅಭ್ಯಾಸವಾಗಿದೆ. ಎದುರಾಳಿಗಳು ಚೆಂಡಿಗೆ ಅಡ್ಡಲಾಗಿ ಸಾಲು ನಿಂತು ಗೋಡೆ ಕಟ್ಟಬೇಕು, ರೆಫ್ರಿ ಅದನ್ನು ಹಿಂದಕ್ಕೆ ತಳ್ಳಬೇಕು, ಗೋಡೆ ಮತ್ತೆ ಒಂದು ಹೆಜ್ಜೆ ಮುಂದೆ ಕದಿಯಬೇಕು, ಕೀಪರ್ ಕಂಬ ಹಿಡಿದುಕೊಂಡು ಕೂಗಾಡಬೇಕು, ಆಮೇಲೆ ವಿಸಿಲ್. ಮಗಳ ನೀಲಿ ಸ್ಕಾರ್ಫ್ ಕುರ್ಚಿಯ ಕೆಳಗೆ ಬಿದ್ದಿತ್ತು; ಅದನ್ನು ಎತ್ತಿಕೊಳ್ಳಲು ಬಗ್ಗಿದೆ. ತಲೆ ಎತ್ತುವಷ್ಟರಲ್ಲಿ ಒಂದು ಸದ್ದು ಕೇಳಿಸಿತು. ಗೋಲಿನ ಸದ್ದನ್ನು ನಾನು ಕಣ್ಣು ಮುಚ್ಚಿಕೊಂಡೇ ಗುರುತಿಸಬಲ್ಲೆ, ಇದು ಅದಾಗಿರಲಿಲ್ಲ. ಅರ್ಧ ಕ್ರೀಡಾಂಗಣ ಕಿರುಚುತ್ತಿತ್ತು, ಉಳಿದರ್ಧ ಪಕ್ಕದವರನ್ನು ‘ಏನಾಯಿತು?’ ಎಂದು ಕೇಳುತ್ತಿತ್ತು. ಚೆಂಡು ಬಲೆಯೊಳಗಿತ್ತು. ನಮ್ಮ ಸುನಿಲ್ ಚೆಟ್ರಿ ಓಡುತ್ತಿದ್ದರು.

‘ಅಪ್ಪಾ, ಗೋಲಾ?’ ಎಂದು ಮಗಳು ಕೇಳಿದಳು. ‘ತಡಿ ಪುಟ್ಟಿ’ ಎಂದೆ. ಎಲ್ಲವನ್ನೂ ನೋಡಿದ್ದವಳು ಅವಳೇ. ಕೀಪರ್ ಇನ್ನೂ ಗೋಡೆಯನ್ನು ಸರಿಪಡಿಸುತ್ತಿದ್ದಾಗ ಚೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಬಲೆಗೆ ಹಾಕಿದರಂತೆ. ಆಮೇಲಿನದು ನಿಮಗೆಲ್ಲ ಗೊತ್ತು. ಕೇರಳದ ಕೋಚ್ ಇವಾನ್ ವುಕೊಮಾನೊವಿಚ್ ತಮ್ಮ ಆಟಗಾರರನ್ನು ಅಂಕಣದಿಂದ ಹೊರಗೆ ಕರೆದರು, ಅವರು ಮರಳಲಿಲ್ಲ. ಸುಮಾರು 20 ನಿಮಿಷ ಕಾದ ಮೇಲೆ ನಮ್ಮ ತಂಡ ಗೆದ್ದಿತೆಂದು ಘೋಷಿಸಲಾಯಿತು. ಅಷ್ಟು ಹೊತ್ತೂ ನಾನು ಸ್ಕಾರ್ಫ್ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ. ಸುತ್ತಲಿನವರು ಕುಣಿಯುತ್ತಿದ್ದರು, ನನ್ನಿಂದ ಆಗಲಿಲ್ಲ. ಇವತ್ತಿಗೂ ಆ ಗೋಲಿನ ವಿಡಿಯೊ ಕಣ್ಣಿಗೆ ಬಿದ್ದಾಗ ಹೆಮ್ಮೆಗಿಂತ ಮೊದಲು ಒಂದು ಬಗೆಯ ಸಂಕೋಚವೇ ಮುಂದೆ ಬರುತ್ತದೆ.

ಆ ರಾತ್ರಿ ಅಲ್ಲಿದ್ದವರು ಅಥವಾ ಟಿವಿಯಲ್ಲಿ ನೋಡಿದವರು ಹೇಳಬೇಕು: ನಿಮಗೆ ತಕ್ಷಣ ಏನನ್ನಿಸಿತು? ಅಂಥ ಗೋಲಿಗೆ ಮನಸಾರೆ ಕೂಗಲು ಸಾಧ್ಯವಾಯಿತೇ? ಇದು ಗೋಲು ನೋಡದೆ ಹೋದವನ ಹೊಟ್ಟೆಯುರಿ ಮಾತ್ರವೇ, ಅಥವಾ ಆ ಗೋಲಿನಲ್ಲೇ ಏನಾದರೂ ತೊಡಕಿತ್ತೇ?

ಉತ್ತರ: ಲೈನ್ ಬಾವುಟ

ನಾನು ಶಾಲಾ ಮತ್ತು ಜಿಲ್ಲಾ ಮಟ್ಟದ ಪಂದ್ಯಗಳಲ್ಲಿ ಸಹಾಯಕ ರೆಫ್ರಿಯಾಗಿ ಕೆಲಸ ಮಾಡುತ್ತೇನೆ. ಆ ರಾತ್ರಿ ಟಿವಿ ಮುಂದಿದ್ದೆ. ನಿಮ್ಮ ಪ್ರಶ್ನೆಯ ಕೊನೆಯ ಭಾಗಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅಲ್ಲಿ ಹೇಳಲು ಖಚಿತವಾದ ಮಾತುಗಳಿವೆ.

ಫ್ರೀ ಕಿಕ್‌ಗೆ ಪ್ರತಿ ಸಲವೂ ವಿಸಿಲ್ ಬೇಕು ಎನ್ನುವುದು ಪ್ರೇಕ್ಷಕರ ನಂಬಿಕೆಯೇ ಹೊರತು ಆಟದ ನಿಯಮವಲ್ಲ. ಚೆಂಡು ನಿಶ್ಚಲವಾಗಿದ್ದು ಸರಿಯಾದ ಜಾಗದಲ್ಲಿದ್ದರೆ, ಒದೆಯುವ ತಂಡ ತಕ್ಷಣವೇ ಒದೆಯಬಹುದು. ಎದುರಾಳಿಗಳು 9.15 ಮೀಟರ್ ದೂರ ನಿಲ್ಲಬೇಕಾದದ್ದು ಒದೆಯುವವರ ಅನುಕೂಲಕ್ಕಾಗಿ. ಅವರು ಆ ಅನುಕೂಲವೇ ಬೇಡವೆಂದು ಬೇಗ ಒದೆಯಲು ಬಯಸಿದರೆ ರೆಫ್ರಿ ಅದಕ್ಕೆ ಅವಕಾಶ ಕೊಡಬಹುದು. ಆದರೆ ಕಾರ್ಡ್ ತೋರಿಸಲು, ಗಾಯಾಳುವನ್ನು ನೋಡಲು, ಬದಲಿ ಆಟಗಾರನನ್ನು ಒಳಗೆ ಬಿಡಲು ಅಥವಾ ಗೋಡೆಯನ್ನು ಹಿಂದೆ ಸರಿಸಲು ರೆಫ್ರಿ ಆಟವನ್ನು ತಡೆದುಕೊಂಡರೆ, ಆಗ ವಿಸಿಲ್ ಆಗುವ ತನಕ ಒದೆಯುವಂತಿಲ್ಲ. ರೆಫ್ರಿಗಳು ಸಾಮಾನ್ಯವಾಗಿ ಬಾಯಲ್ಲಿ ಹೇಳುವುದರ ಜೊತೆಗೆ ವಿಸಿಲ್ಲನ್ನು ಎತ್ತಿ ಬೆರಳಿನಿಂದ ತೋರಿಸಿ ಇದನ್ನು ತಿಳಿಸುತ್ತಾರೆ.

ಹಾಗಾಗಿ ಆ ರಾತ್ರಿಯ ಇಡೀ ವಿವಾದ ನಿಂತಿರುವುದು ಒಂದೇ ಅಂಶದ ಮೇಲೆ: ರೆಫ್ರಿ ಆಟವನ್ನು ತಡೆದುಕೊಂಡಿದ್ದರೇ, ಇಲ್ಲವೇ? ತಮಗೆ ಗೋಡೆಯೂ ಬೇಡ, ವಿಸಿಲ್ಲೂ ಬೇಡ ಎಂದು ರೆಫ್ರಿಗೆ ಹೇಳಿಯೇ ಒದ್ದೆ ಎಂದು ಚೆಟ್ರಿ ಪಂದ್ಯದ ಬಳಿಕ ವಿವರಿಸಿದರು. ಕೀಪರ್ ಗೋಡೆ ಕಟ್ಟುತ್ತಿದ್ದರೆಂದ ಮಾತ್ರಕ್ಕೆ ರೆಫ್ರಿ ಗೋಡೆ ಕಟ್ಟಿಸುತ್ತಿದ್ದರು ಎಂದಾಗುವುದಿಲ್ಲ. ಮೈದಾನದಲ್ಲಿ ರೆಫ್ರಿ ಗೋಲು ಕೊಟ್ಟರು, ಐಎಸ್‌ಎಲ್‌ನಲ್ಲಿ ವಿಎಆರ್ (ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವ್ಯವಸ್ಥೆ) ಇರಲಿಲ್ಲ, ಮರುಪಂದ್ಯ ಬೇಕೆಂದು ಕೇರಳ ಕೇಳಿದ್ದನ್ನು ಎಐಎಫ್‌ಎಫ್ (ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್) ತಳ್ಳಿಹಾಕಿತು. ಆ ತಿಂಗಳ ಕೊನೆಗೆ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ ಮತ್ತು 5 ಲಕ್ಷ ರೂಪಾಯಿ ದಂಡ ಬಿತ್ತು. ದಂಡ ಬಿದ್ದದ್ದು ಮೈದಾನ ಬಿಟ್ಟು ಹೋದದ್ದಕ್ಕೆ, ಗೋಲನ್ನು ಪ್ರಶ್ನಿಸಿದ್ದಕ್ಕಲ್ಲ ಎನ್ನುವುದನ್ನು ಮಾತ್ರ ನಮ್ಮ ಕಡೆಯವರು ಆಗಾಗ ಮರೆಯುತ್ತಾರೆ.

ಇನ್ನು ನಿಮ್ಮ ತಳಮಳದ ವಿಷಯ. ನೀವು ನೋಡಬೇಕಿದ್ದದ್ದು ರೆಫ್ರಿಯ ಕೈಯನ್ನು. ಬಾವುಟ ಹಿಡಿಯಲು ಶುರುಮಾಡಿದ ಮೇಲೆ ನಾನು ಮನೆಯಲ್ಲಿ ಕುಳಿತು ಆಟ ನೋಡುವಾಗಲೂ ಫೌಲ್ ಆದ ಕೂಡಲೇ ಚೆಂಡನ್ನು ಬಿಟ್ಟು ರೆಫ್ರಿಯ ಕಡೆ ನೋಡುತ್ತೇನೆ. ಹೆಂಡತಿಗೆ ಇದರಿಂದ ವಿಪರೀತ ಸಿಟ್ಟು, ಏಕೆಂದರೆ ಆಫ್‌ಸೈಡ್ ಗೋಲುಗಳಿಗೆ ನಾನು ಅವಳಿಗಿಂತ ಮೊದಲೇ ತಲೆಯಾಡಿಸಿ ಅವಳ ಖುಷಿ ಕೆಡಿಸುತ್ತೇನೆ.

ಉತ್ತರ: ಕಲೂರಿನ ಕನ್ನಡಿಗ

ನಾನು ಪುತ್ತೂರಿನವನು, ಕೆಲಸ ಕೊಚ್ಚಿಯಲ್ಲಿ. ಆ ಪಂದ್ಯವನ್ನು ನಾಲ್ವರು ಮಲಯಾಳಿ ಗೆಳೆಯರೊಂದಿಗೆ ನಮ್ಮ ಬಾಡಿಗೆ ಮನೆಯ ಟಿವಿಯಲ್ಲಿ ನೋಡಿದೆ. ಐದು ಜನರಲ್ಲಿ ನೀಲಿ ಅಂಗಿಯವನು ನಾನೊಬ್ಬನೇ. ಫ್ರೀ ಕಿಕ್ ಸಿಕ್ಕಾಗ ಒಬ್ಬ ಅಡುಗೆಮನೆಗೆ ಚಹಾ ತರಲು ಹೋದ. ನೀವು ಸ್ಕಾರ್ಫ್‌ಗೆ ಬಗ್ಗಿದ ಹಾಗೆಯೇ ಅದು. ಚೆಂಡು ಬಲೆಗೆ ಹೋದಾಗ ನನ್ನ ಬಾಯಿಂದ ‘ಹೋಯ್’ ಎಂಬ ಅರ್ಧ ಕೂಗು ಹೊರಟಿತು, ಉಳಿದರ್ಧವನ್ನು ನುಂಗಿಕೊಂಡೆ. ಚಹಾ ತಂದವನು ಟಿವಿಯಲ್ಲಿ 1-0 ಎಂದು ಕಂಡು, ನಾವು ಯಾವುದೋ ಹಳೆಯ ತುಣುಕು ನೋಡುತ್ತಿದ್ದೇವೆಂದು ಭಾವಿಸಿ ಲೋಟಗಳನ್ನು ಕೊಡುತ್ತಲೇ ಇದ್ದ.

ಆಟಗಾರರು ಹೊರಗೆ ನಡೆದಾಗ ಆ ನಾಲ್ವರಲ್ಲಿ ಇಬ್ಬರು ಕೋಚ್ ಮಾಡಿದ್ದು ಸರಿ ಎಂದರು, ಇಬ್ಬರು ಸಿಟ್ಟಾದರು. ‘ಇನ್ನೂ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಆಟವಿತ್ತಲ್ಲ, ಒಂದು ಗೋಲು ಹೊಡೆಯಲಾಗುತ್ತಿರಲಿಲ್ಲವೇ’ ಎಂದು ಕಣ್ಣಲ್ಲಿ ನೀರು ತಂದುಕೊಂಡವನೂ ಅವರಲ್ಲೊಬ್ಬ. ನನಗೆ ಅವತ್ತು ಅವನ ದುಃಖವೇ ಹೆಚ್ಚು ಅರ್ಥವಾಯಿತು. ನಮ್ಮ ಗೆಲುವಿನಿಂದ ಏನೋ ಕಡಿಮೆಯಾಯಿತು ಎಂದು ನಿಮಗೆ ಅನ್ನಿಸುತ್ತಿದ್ದರೆ ಅದು ಗೋಲಿನಿಂದಲ್ಲ, ಗೋಲಿನ ನಂತರ ಆಟವೇ ನಡೆಯದೆ ಹೋದದ್ದರಿಂದ ಎಂದು ನನ್ನ ಅನಿಸಿಕೆ. ಗೋಲು ಬಿದ್ದ ಮೇಲೆ ಉಗುರು ಕಚ್ಚಿಕೊಂಡು ಕಾಯುವ ಹೊತ್ತೊಂದು ಇರುತ್ತದಲ್ಲ, ನಮಗೆ ಅದು ಸಿಗಲೇ ಇಲ್ಲ.

ಮುಂದಿನ ಋತುವಿನ ಮೊದಲ ಪಂದ್ಯವೇ ಕಲೂರಿನ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಇದೇ ಎರಡು ತಂಡಗಳ ನಡುವೆ, 2023ರ ಸೆಪ್ಟೆಂಬರ್ 21ರಂದು. ಚೆಟ್ರಿ ಏಷ್ಯನ್ ಕ್ರೀಡಾಕೂಟಕ್ಕಾಗಿ ಹಾಂಗ್‌ಝೌನಲ್ಲಿದ್ದರು. ಕೇರಳ ಅಭಿಮಾನಿಗಳ ಹಳದಿ ಸಮುದ್ರದ ನಡುವೆ ಬೂದು ಅಂಗಿ ತೊಟ್ಟು ಕುಳಿತಿದ್ದೆ. ಮೊದಲು ನಮ್ಮದೇ ಆಟಗಾರನ ಸ್ವಂತ ಗೋಲು, ಆಮೇಲೆ ಕೇರಳದ ಲೂನಾ ಗೋಲು, ಕೊನೆಯಲ್ಲಿ ನಮ್ಮ ಕರ್ಟಿಸ್ ಮೇನ್ ಒಂದನ್ನು ಹಿಂತಿರುಗಿಸಿದರೂ 2-1ರಿಂದ ಸೋತೆವು. ಲೂನಾ ಗೋಲಿಗೆ ಪಕ್ಕದ ಅಪರಿಚಿತ ಮುದುಕರೊಬ್ಬರು ನನ್ನನ್ನು ಅಪ್ಪಿಕೊಂಡರು. ನಾನೂ ಅಪ್ಪಿಕೊಂಡೆ, ಬೇರೆ ದಾರಿಯಿರಲಿಲ್ಲ. ಆ ಮುದುಕರ ಖುಷಿಯಲ್ಲಿ ಮಾರ್ಚ್ ತಿಂಗಳ ಬಾಕಿಯೂ ಸೇರಿತ್ತು.

ಉತ್ತರ: ಗೌತಮಪುರದ ಹಳಬ

ಲೈನ್ ಬಾವುಟ ಅವರು ನಿಯಮವನ್ನು ಚೆನ್ನಾಗಿ ವಿವರಿಸಿದ್ದಾರೆ. ಆದರೆ ದುಡ್ಡು ಕೊಟ್ಟು ಒಳಗೆ ಬಂದವನು ರೆಫ್ರಿಯ ಕೈಯನ್ನು ನೋಡುತ್ತ ಕೂರಬೇಕು ಎನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ನಮ್ಮ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ, ರೆಫ್ರಿಯ ಪ್ರತಿಮೆ ಇಲ್ಲ. (ತಮಾಷೆಗೆ ಹೇಳಿದೆ, ತಪ್ಪು ತಿಳಿಯಬೇಡಿ.)

ಪ್ರಶ್ನೆ ಕೇಳಿದವರು ಒಂದು ಸಂಗತಿಯನ್ನು ಬಿಟ್ಟಿದ್ದಾರೆ. ಕಂಠೀರವ ಮೂಲತಃ ಅಥ್ಲೆಟಿಕ್ಸ್ ಕ್ರೀಡಾಂಗಣ. ಆಸನಕ್ಕೂ ಅಂಕಣಕ್ಕೂ ನಡುವೆ ಓಟದ ಟ್ರ್ಯಾಕ್ ಸುತ್ತಿಕೊಂಡಿದೆ. ಅಲ್ಲಿ ಕುಳಿತವನಿಗೆ ಚೆಂಡು ಕಾಣಿಸುತ್ತದೆ, ಮಾತು ಕೇಳಿಸುವುದಿಲ್ಲ. 2013-14ರಲ್ಲಿ ನಮ್ಮ ತಂಡ ಮೊದಲ ಪ್ರಯತ್ನದಲ್ಲೇ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆದ್ದ ಋತುವಿನ ತವರಿನ ಪಂದ್ಯಗಳನ್ನು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನೋಡಿದವರಿಗೆ ವ್ಯತ್ಯಾಸ ಗೊತ್ತು. ಅಲ್ಲಿ ಕಾಂಕ್ರೀಟ್ ಮೆಟ್ಟಿಲಿನ ಮೇಲೆ ಕುಳಿತರೆ, ಟ್ಯಾಕಲ್‌ನಲ್ಲಿ ಶಿನ್ ಗಾರ್ಡ್‌ಗೆ ಬೂಟು ತಗುಲಿದ ‘ಟಪ್’ ಸದ್ದು, ಕೀಪರ್ ತನ್ನ ಡಿಫೆಂಡರ್‌ಗೆ ಬಯ್ಯುವುದು, ‘ವಿಸಿಲ್‌ಗೆ ಕಾಯಿರಿ’ ಎಂದು ರೆಫ್ರಿ ಹೇಳುವುದು ಎಲ್ಲ ಕಿವಿಗೆ ಬೀಳುತ್ತಿತ್ತು. ಕೃತಕ ಹುಲ್ಲಿನ ಆ ಅಂಕಣದಿಂದ ಬಿಸಿಲಿನ ದಿನ ಎದ್ದ ರಬ್ಬರ್ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಚೆಟ್ರಿ ರೆಫ್ರಿಗೆ ಹೇಳಿದ ಮಾತು ಆ ಕ್ರೀಡಾಂಗಣದಲ್ಲಾಗಿದ್ದರೆ ಮುಂದಿನ ಸಾಲಿನವರಿಗಾದರೂ ಕೇಳಿಸುತ್ತಿತ್ತು.

ಇನ್ನು ಕೂಗುವ ವಿಷಯ. 2018ರ ಮಾರ್ಚ್ 17ರಂದು ಇದೇ ಕಂಠೀರವದಲ್ಲಿ ಚೆನ್ನೈಯಿನ್ ತಂಡದ ವಿರುದ್ಧದ ಐಎಸ್‌ಎಲ್ ಫೈನಲ್‌ಗೆ ಹೋಗಿದ್ದೆ. 9ನೇ ನಿಮಿಷಕ್ಕೆ ಚೆಟ್ರಿ ಜಿಗಿದು ತಲೆಯಿಂದ ಗೋಲು ಹೊಡೆದಾಗ ನಾನು ಇಡೀ ವರ್ಷದ ಕೂಗನ್ನೆಲ್ಲ ಒಂದೇ ಸಲಕ್ಕೆ ಖರ್ಚು ಮಾಡಿದೆ. ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆಕೊಟ್ಟು ಸಮ ಮಾಡಿದರು. ವಿರಾಮಕ್ಕೆ ಮುಂಚೆ ಮತ್ತೊಂದು ಕಾರ್ನರ್, ಅದೇ ತಲೆ. ಕೊನೆಗೆ 3-2. ಅಂದು ಮನೆಗೆ ನಡೆದು ಹೋಗುವಾಗ ನನ್ನಲ್ಲಿ ಉಳಿದದ್ದು ಆ 9ನೇ ನಿಮಿಷದ ಕೂಗು ಮಾತ್ರ. ಸೋತರೂ ಅದನ್ನು ಯಾರೂ ವಾಪಸ್ ಕೇಳಲಿಲ್ಲ. ಆದ್ದರಿಂದ ಮೊದಲು ಕೂಗಿ, ವಿಚಾರಣೆ ಆಮೇಲೆ.

ಉತ್ತರ: ಲೈನ್ ಬಾವುಟ

ಹಿರಿಯರಿಗೆ ನಮಸ್ಕಾರ. ಪ್ರತಿಮೆಯ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಟ್ರ್ಯಾಕಿನ ಮಾತನ್ನು ಒಪ್ಪುತ್ತೇನೆ. ಟಿವಿಯಲ್ಲಿ ನೋಡಿದ ನನಗೆ ಹತ್ತಿರದ ದೃಶ್ಯ, ಮರುಪ್ರಸಾರ ಎರಡೂ ಇದ್ದವು, ಗ್ಯಾಲರಿಯಲ್ಲಿದ್ದವರಿಗೆ ಅದಾವುದೂ ಇರಲಿಲ್ಲ. ಆದರೂ ಮೊದಲು ಕೂಗುವವರ ಕೂಗಿನಿಂದಲೇ ನಮ್ಮಂಥ ಬಾವುಟದವರ ಕಿವಿ ಹೋಗಿದೆ ಎಂಬುದು ದಾಖಲೆಯಲ್ಲಿರಲಿ.

ಉತ್ತರ: ಮೂಲೆ ಸೀಟು

ನಾನೂ ಅಲ್ಲಿದ್ದೆ, ಗೋಲನ್ನು ಪೂರ್ತಿ ನೋಡಿದೆ, ಆದರೂ ಕೂಗಲಿಲ್ಲ. ಅಭ್ಯಾಸಕ್ಕೆ ತಮಾಷೆಯಾಗಿ ಒದ್ದಿದ್ದಾರೆ, ಇನ್ನೊಮ್ಮೆ ಒದೆಯುತ್ತಾರೆ ಎಂದುಕೊಂಡೆ. ಹಾಗಾಗಿ ನೋಡದಿದ್ದಕ್ಕೆ ಕೊರಗಬೇಡಿ.

ಪ್ರಶ್ನೆ ಕೇಳಿದವರಿಂದ: ಪೂರ್ವ ಗ್ಯಾಲರಿಯವನು

ಎಲ್ಲರಿಗೂ ಧನ್ಯವಾದ. ಕಲೂರಿನವರ ಮಾತು ನನಗೆ ಹೆಚ್ಚು ಹತ್ತಿರವಾಯಿತು. ಗೋಲಿನ ಬಳಿಕ ಭಯಪಡುತ್ತ ಕಾಯುವ ಅವಕಾಶ ಸಿಗದೆ ಹೋದದ್ದೇ ನನ್ನ ಕೊರತೆ ಇರಬೇಕು. ನಾನು ಅದನ್ನು ಅಷ್ಟು ದಿನ ಸಂಕೋಚವೆಂದು ಕರೆಯುತ್ತಿದ್ದೆ.

ಒಂದು ಮಾತನ್ನು ಪ್ರಶ್ನೆಯಲ್ಲಿ ಬರೆದಿರಲಿಲ್ಲ. ಒಂಬತ್ತು ದಿನಗಳ ನಂತರ, ಮಾರ್ಚ್ 12ರ ಭಾನುವಾರ, ಮುಂಬೈ ಸಿಟಿ ವಿರುದ್ಧದ ಸೆಮಿಫೈನಲ್‌ನ ಎರಡನೇ ಪಂದ್ಯಕ್ಕೂ ಮಗಳು ಹಟ ಹಿಡಿದು ಬಂದಳು. ಎರಡೂ ಪಂದ್ಯ ಸೇರಿ 2-2 ಆಗಿ ಆಟ ಪೆನಾಲ್ಟಿ ಶೂಟೌಟ್‌ಗೆ ಹೋಯಿತು. ಒಬ್ಬರಾದ ಮೇಲೊಬ್ಬರು ತಪ್ಪದೆ ಹೊಡೆಯುತ್ತಲೇ ಹೋದರು, ಎಣಿಕೆಗೆ ನನ್ನ ಬೆರಳು ಸಾಲದಾಯಿತು. ಕೊನೆಗೆ ನಮ್ಮ ಕೀಪರ್ ಗುರುಪ್ರೀತ್ ಸಿಂಗ್ ಸಂಧು ಮುಂಬೈನ ಮೆಹತಾಬ್ ಸಿಂಗ್ ಒದೆತವನ್ನು ತಡೆದಾಗ ನಾನು ಗೌತಮಪುರದ ಹಿರಿಯರು ಹೇಳಿದಂತೆಯೇ ವಿಚಾರಣೆಯಿಲ್ಲದೆ ಎದ್ದು ಕಿರುಚಿದೆ. ಮಗಳು ನನ್ನ ತೋಳು ಹಿಡಿದು ಕೆಳಕ್ಕೆ ಎಳೆದಳು. ‘ತಡಿ ಅಪ್ಪಾ, ಕೀಪರ್ ಗೆರೆ ಬಿಟ್ಟು ಮೊದಲೇ ಬಂದಿದ್ದರೆ? ಬಾವುಟದವರು ಏನಂತಾರೆ ನೋಡು’ ಎಂದಳು. ಬಾವುಟದವರು ಏನೂ ಅನ್ನಲಿಲ್ಲ. ಆಮೇಲೆ ನಮ್ಮ ಸಂದೇಶ್ ಝಿಂಗನ್ ನಡೆದು ಬಂದು ಚೆಂಡಿಟ್ಟರು. ಈ ಸಲ ಅವಳ ಸ್ಕಾರ್ಫನ್ನು ನಾನೇ ಕತ್ತಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿಕೊಂಡಿದ್ದೆ. 9-8.