ಕೈಯಲ್ಲಿ 18 ಲಕ್ಷ, ಮನೆಗೆ 68 ಲಕ್ಷ: ಅಡ್ವಾನ್ಸ್ ಕೊಡಲಾ?

ಪ್ರಶ್ನೆ: ಮೈಸೂರಿನಲ್ಲಿ ಬಾಡಿಗೆಗೆ ಬಿಡಲು ಎರಡು ಅಂತಸ್ತಿನ ಹಳೇ ಮನೆ ನೋಡಿದ್ದೇನೆ. ಮಾಲೀಕರು 68 ಲಕ್ಷ ಹೇಳಿದ್ದಾರೆ. ನನ್ನ ಹತ್ತಿರ ಇರುವುದು 18 ಲಕ್ಷ, ಉಳಿದದ್ದು ಸಾಲ ಆಗಬೇಕು. ಬಾಡಿಗೆ ಒಟ್ಟು 20,000 ಬರುತ್ತದಂತೆ. ನಾಳೆಯೇ 5 ಲಕ್ಷ ಅಡ್ವಾನ್ಸ್ ಕೊಡಿ ಎಂದು ಬ್ರೋಕರ್ ಅವಸರ ಮಾಡುತ್ತಿದ್ದಾರೆ. ಅನುಭವ ಇದ್ದವರು ಹೇಳಿ.

ಹಾಸನದಿಂದ: ನಾಳೆ ಕೊಡಬೇಡಿ ಸರ್. ಮೊದಲು ಲೆಕ್ಕ ಹಾಕಿ. 30ರಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕ್ ಇಟ್ಟಿರುವ ಮಿತಿ ಮನೆ ಬೆಲೆಯ 80%. 68 ಲಕ್ಷಕ್ಕೆ ಹೆಚ್ಚೆಂದರೆ 54.4 ಲಕ್ಷ ಸಿಗುತ್ತದೆ. ಕೈಯಿಂದ 13.6 ಹಾಕಬೇಕು. ಸ್ಟ್ಯಾಂಪ್ ಡ್ಯೂಟಿ ಸೆಸ್, ಸರ್‌ಚಾರ್ಜ್ ಸೇರಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 2% ಆಗಿದೆ. ಇವೆರಡೇ 5 ಲಕ್ಷ ದಾಟುತ್ತವೆ. ನಿಮ್ಮ 18 ಲಕ್ಷ ಸಾಲುವುದಿಲ್ಲ. ಬೆಲೆ 63 ಲಕ್ಷಕ್ಕೆ ಇಳಿದರೆ ಎಲ್ಲ ಸೇರಿ ಕೈಯಿಂದ 17.4 ಲಕ್ಷ ಸಾಕು, ಬ್ರೋಕರ್ ಕಮಿಷನ್ ಸೇರಿಸಿದರೆ ಅದೂ ಬಿಗಿಯೇ. ಹಾಗಾಗಿ 63ಕ್ಕಿಂತ ಮೇಲೆ ಹೋಗಬೇಡಿ.

ಇನ್ನೊಂದು. 63ಕ್ಕೇ ಕೊಂಡರೂ, ಬಡ್ಡಿ 8.5% ಎಂದುಕೊಂಡರೆ 20 ವರ್ಷಕ್ಕೆ ತಿಂಗಳ ಕಂತು 43,700ರ ಸುಮಾರು. ಬಾಡಿಗೆ ಅದರ ಅರ್ಧವೂ ಇಲ್ಲ. ಮನೆ ಖಾಲಿ ಬಿದ್ದ ತಿಂಗಳೂ ಸಂಬಳದಿಂದ ಕಟ್ಟಲು ಆಗುತ್ತಾ, ಮನೆಯವರ ಜೊತೆ ಕೂತು ಮಾತಾಡಿ.

ಚೌಕಾಸಿ ಮಾಡುವಾಗ, ಯಾಕೆ ಮಾರುತ್ತಿದ್ದಾರೆ ಅಂತ ಮಾಲೀಕರನ್ನೇ ಕೇಳಿ. ನಾನು ಕೊಂಡ ಮನೆಯವರು ಬೆಂಗಳೂರಿನಲ್ಲಿ ಫ್ಲಾಟ್ ಬುಕ್ ಮಾಡಿದ್ದರು. ಕಂತು ಕಟ್ಟುವ ದಿನ ಹತ್ತಿರವಾಗಿತ್ತು. ನಾನು ಬ್ಯಾಂಕಿನ ಮಂಜೂರಾತಿ ಪತ್ರ ತೋರಿಸಿ, 45 ದಿನದಲ್ಲಿ ರಿಜಿಸ್ಟ್ರೇಷನ್ ಮಾಡಿಸುತ್ತೇನೆ ಎಂದೆ. ಜಾಸ್ತಿ ಕೊಡುತ್ತೇನೆ ಎಂದಿದ್ದವರನ್ನು ಬಿಟ್ಟು ನನಗೆ 3 ಲಕ್ಷ ಕಡಿಮೆಗೆ ಕೊಟ್ಟರು.

ನಿವೃತ್ತ ಬ್ಯಾಂಕ್ ನೌಕರರೊಬ್ಬರು: ಒಂದಷ್ಟು ನಗದು ಕೊಡಿ ಅಂದರೆ ಒಪ್ಪಲೇಬೇಡಿ. ಕ್ರಯಪತ್ರದಲ್ಲಿ ಬೆಲೆ ಕಡಿಮೆ ತೋರಿಸಿದರೆ ಸಾಲವೂ ಕಡಿಮೆಯಾಗುತ್ತದೆ. ಮನೆ ಮಾರುವವರು 20,000 ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಬೆಲೆ 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ಹಣದಲ್ಲೇ 1% ತೆರಿಗೆ (ಟಿಡಿಎಸ್) ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ನಿಮ್ಮದು.

ಶಿವಮೊಗ್ಗದಿಂದ: ನಾವು ಸುಮ್ನೆ ನಂಬಿ 3 ಲಕ್ಷ ಕೊಟ್ಟುಬಿಟ್ಟಿದ್ದೆವು. ಬ್ಯಾಂಕಿನ ವಕೀಲರು ಕಾಗದ ನೋಡಿ ಸಾಲ ಆಗಲ್ಲ ಅಂದರು. ಆಸ್ತಿ ಪಾಲು ಮಾಡಿಕೊಂಡ ವಿಭಾಗಪತ್ರದಲ್ಲಿ ಮಾಲೀಕರ ತಂಗಿಯ ಸಹಿ ಇರಲಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ ಅಲ್ವಾ, ಆಕೆ ಸಹಿ ಹಾಕಲು ಒಪ್ಪಲಿಲ್ಲ. ಅದು ಆಕೆಯ ಹಕ್ಕು, ಬೇಸರವಿಲ್ಲ. ಆದರೆ ನಮ್ಮ ದುಡ್ಡು ವಾಪಸ್ ಬರಲು 14 ತಿಂಗಳು ಹಿಡಿಯಿತು. ಎಷ್ಟು ರಾತ್ರಿ ನಿದ್ದೆ ಕೆಟ್ಟೆವೋ. ವಂಶವೃಕ್ಷ ಕೇಳಿ ಪಡೆಯಿರಿ. ಬ್ಯಾಂಕ್ ಕಾಗದಪತ್ರ ಒಪ್ಪದಿದ್ದರೆ 15 ದಿನದಲ್ಲಿ ಪೂರ್ತಿ ಅಡ್ವಾನ್ಸ್ ವಾಪಸ್ ಎಂದು ಅಗ್ರಿಮೆಂಟಿನಲ್ಲೇ ಬರೆಸಿ. ಆ ಒಂದು ಸಾಲು ನಮ್ಮದರಲ್ಲಿ ಇರಲಿಲ್ಲ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ವಂದನೆ. ನಾಳೆ ಆಗಲ್ಲ ಎಂದು ಬ್ರೋಕರ್‌ಗೆ ಹೇಳಿದೆ. ಮೂಲಪತ್ರಗಳ ನಕಲು ಕೇಳಿದ್ದೇನೆ. ಇಸಿ (ಆಸ್ತಿಯ ಮೇಲಿನ ಸಾಲ, ಮಾರಾಟಗಳನ್ನು ತೋರಿಸುವ ಋಣಭಾರ ಪತ್ರ) ಎಷ್ಟು ವರ್ಷದ್ದು ಬೇಕು?

ಹಾಸನದಿಂದ: 30 ವರ್ಷದ್ದು ತೆಗೆಸಿ. 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ತಾಣದಲ್ಲಿ ಸಿಗುತ್ತದೆ. ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ.